ಇರುವೆ ಮದ್ದಿನ ಚಂದ್ರಿಕೆ

ದೊಡ್ಡಆಲಹಳ್ಳಿಗೆ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ನನಗೆ ವರ್ಗವಾದಾಗ, ಚನ್ನಪಟ್ಟಣದ ನಮ್ಮ ಮನೆಯಲ್ಲಿ ಎಲ್ಲರೂ ನನ್ನ ಊಟದ ಚಿಂತೆ ಮಾಡಿದರು. ನನಗಿದ್ದ ಚಿಂತೆ ಬೇರೆ. ಅಲ್ಲಿ ಆಂಟೆನಾ ಎಲ್ಲಿ ಕಟ್ಟುವುದು?

ನನಗೆ ಹ್ಯಾಮ್ ರೇಡಿಯೋ ಹುಚ್ಚು. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹುಚ್ಚಾದ್ದರಿಂದ ಮರ್ಯಾದಸ್ಥ ಹುಚ್ಚು ಎಂದೇ ನಾನು ವಾದಿಸುತ್ತೇನೆ. ಊಟದ ಡಬ್ಬಿಯಷ್ಟು ಒಂದು ಸೆಟ್ಟು, ಒಂದು ಬ್ಯಾಟರಿ, ಬೆರಳಲ್ಲಿ ಒತ್ತಿ ಮೋರ್ಸ್ ಸಂಕೇತ ಕಳಿಸುವ ಒಂದು ಕೀ. ಇಷ್ಟೇ ನನ್ನ ಆಸ್ತಿ. ಅದು ಹೊರಡಿಸುವ ಶಕ್ತಿ ಐದು ವ್ಯಾಟ್, ಹಳೇ ಮೊಬೈಲ್ ಚಾರ್ಜರಿನಷ್ಟು. ಆ ಐದು ವ್ಯಾಟಿನಲ್ಲೇ ದಿನಾ ಸಂಜೆ ಆರೂವರೆಗೆ ಭೋಪಾಲಿನ ಒಬ್ಬ ಹಿರಿಯರ ಜೊತೆ ಹರಟುತ್ತಿದ್ದೆ. ತಂತಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮುಖ ನಾನು ನೋಡಿಲ್ಲ. ಆದರೆ ಅವರಿಗೆ ಮಂಡಿನೋವು ಯಾವ ಕಾಲಿಗೆ ಎಂಬುದು ಗೊತ್ತು.

ಹಳ್ಳಿಯಲ್ಲಿ ಸಿಕ್ಕಿದ್ದು ಒಂದು ಒಂಟಿ ರೂಮು. ಅದರ ಗೋಡೆಗೆ ಗೋಡೆ ಅಂಟಿಕೊಂಡೇ ಮನೆಯವರ ಹುಳುಮನೆ, ಅಂದರೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೊಠಡಿ. ಆ ಹುಳುಮನೆಗೆ ಮನೆಯ ಯಜಮಾನಿಯೇ ರಾಣಿ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರು ಆ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಹುಳುಮನೆಯ ಬೀಗದ ಕೈ ಅವರ ಸೊಂಟದಲ್ಲೇ ಇದೆ. ಹೊರಗಿನವರು ಅದರೊಳಗೆ ಕಾಲಿಡಬಾರದು, ಚಪ್ಪಲಿ ಹತ್ತಿರ ತರಬಾರದು, ಸೆಂಟು ಹಾಕಿದವರು ಅಂಗಳದಲ್ಲೂ ನಿಲ್ಲಬಾರದು. ಅವರ ಗಂಡನೇ ಬೀಡಿ ಸೇದಿ ಬಂದರೆ ಬಾಯಿ ಮುಕ್ಕಳಿಸಿಕೊಂಡು ಹೋಗಬೇಕಿತ್ತು.

ರೂಮು ತೋರಿಸಿದ ದಿನವೇ ನನ್ನ ಸೆಟ್ಟು ಅವರ ಕಣ್ಣಿಗೆ ಬಿತ್ತು.

"ಇದೇನು ಮೇಡಮ್ಮೋರೆ, ಟವರ್ ಇದ್ದಂಗಾ?"

"ಟವರ್ ಅಲ್ಲ ಅಕ್ಕ. ಚಿಕ್ಕ ರೇಡಿಯೋ."

"ಅಲೆ ಬುಡ್ತದಾ ಇಲ್ವಾ?"

ಸುಳ್ಳು ಹೇಳಲು ಅವತ್ತಿನ್ನೂ ಕಲಿತಿರಲಿಲ್ಲ. "ಬಿಡುತ್ತೆ" ಎಂದೆ.

"ಅಂಗಾದ್ರೆ ಬ್ಯಾಡ. ಊರಿಗೆ ಆ ಟವರ್ ಬಂದ ಮ್ಯಾಲೆ ಗುಬ್ಬಿ ಹೋದೊ. ಈ ಬ್ಯಾಸ್ಗೇಲಿ ನಮ್ ಹುಳಾನೂ ಹೋಯ್ತು. ರೂಮ್ ಬೇಕಾದ್ರೆ ಅದ್ನ ಮುಟ್ಟಂಗಿಲ್ಲ."

"ಅಕ್ಕ, ನಿಮ್ಮ ಸೊಂಟದಲ್ಲಿರೋ ಮೊಬೈಲೂ ಅಲೆ ಬಿಡುತ್ತಲ್ಲ?"

"ಅದು ನಮ್ಮನೇದು. ಹುಳಕ್ಕೆ ಅದ್ರ ಗುರ್ತು ಐತೆ."

ಊರಿನಲ್ಲಿ ಬೇರೆ ರೂಮು ಇರಲಿಲ್ಲ. ಮಾತು ಕೊಟ್ಟೆ. ಸೆಟ್ಟನ್ನು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಮಲಗಿಸಿದೆ.

ಕೊಟ್ಟ ಮಾತು ಒಂದಿಡೀ ಬೆಳೆಯ ಕಾಲ ಉಳಿಸಿಕೊಂಡೆ. ಇದು ಮುಂದೆ ಬೇಕಾಗುವ ವಿಷಯವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಆ ಬೆಳೆ ಪೂರ್ತಿ ನಾನು ಒಂದು ಚುಕ್ಕೆಯನ್ನೂ ಗಾಳಿಗೆ ಬಿಟ್ಟವಳಲ್ಲ. ಆದರೂ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ದಪ್ಪದಪ್ಪ ಹುಳುಗಳು ಚಾಕ್‌ಪೀಸಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಬಿದ್ದವು. ಅಕ್ಕ ಅವನ್ನು ಮಂಕರಿಗಟ್ಟಲೆ ಹೊತ್ತು ಹೊಲದಂಚಿನಲ್ಲಿ ಸುಟ್ಟು ಬಂದು, ಹುಳುಮನೆಯ ಹೊಸ್ತಿಲ ಮೇಲೆ ಕೂತರು. ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ.

ಅವರ ಯಜಮಾನರು ಒಳ್ಳೆಯವರೇ. ಆದರೆ ಅವರ ಮನಸ್ಸೆಲ್ಲ ಟ್ರ್ಯಾಕ್ಟರಿನ ಮೇಲೆ. ಅವರ ಟ್ರ್ಯಾಕ್ಟರು ಬಿಸಿಲು ಮಳೆಯಲ್ಲಿ ನಿಂತಿತ್ತು, ಹುಳುಗಳು ಸೂರಿನ ಕೆಳಗಿದ್ದವು. ಈ ಅನ್ಯಾಯ ಅವರಿಗೆ ಬಹಳ ದಿನದಿಂದ ಕುಟುಕುತ್ತಿತ್ತು. ಹುಳುಮನೆಯ ಬಾಗಿಲಿಗೆ ಹಗ್ಗ ಹಿಡಿದು ಅಗಲ ಅಳೆಯುತ್ತಾ ಹೇಳಿದರು: "ಎಲ್ಡು ಬೆಳೆ ಹೋಯ್ತು ಕಣಮ್ಮಿ. ಇನ್ನೊಂದ್ ನೋಡ್ತೀನಿ. ಅದೂ ಹೋದ್ರೆ ಸೊಪ್ಪಿನ ಗಿಡ ಕಿತ್ತಾಕಿ, ಈ ಬಾಗ್ಲು ಒಡ್ದು ಟ್ರ್ಯಾಕ್ಟರ್ ನಿಲ್ಲಿಸ್ತೀನಿ."

ಅಕ್ಕ ಬೀಗದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಇಂಥ ಹೊತ್ತಿನಲ್ಲಿ ಯಾರಾದರೂ ಕೊಟ್ಟ ಮಾತು ಮುರಿಯುತ್ತಾರೆಯೇ? ನಾನು ಮುರಿದೆ. ಭೋಪಾಲಿನವರಿಂದ ಒಂದು ಇಮೇಲ್ ಬಂದಿತ್ತು. "ಬದುಕಿದ್ದೀರಾ? ದಿನಾ ಕಾಯುತ್ತಿದ್ದೇನೆ" ಎಂದಿತ್ತು. ಜೊತೆಗೆ ನನ್ನ ವಿಜ್ಞಾನದ ಜಂಬ ಬೇರೆ. ಐದು ವ್ಯಾಟಿಗೆ ಹುಳು ಸಾಯುವುದಾದರೆ ಆಕಾಶವಾಣಿ ಕೇಳಿದ ಊರಿನಲ್ಲಿ ಮನುಷ್ಯರೇ ಉಳಿಯಬಾರದಿತ್ತು ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಹೊಸ ಹುಳು ಬಂದ ವಾರವೇ ಟ್ರಂಕು ತೆಗೆದೆ.

ನನ್ನ ಬ್ಯಾಂಡಿಗೆ, ಅಂದರೆ ನಾನು ಬಳಸುವ ತರಂಗಕ್ಕೆ, ಸರಿಯಾದ ತಂತಿ ಕಟ್ಟಲು ಇಪ್ಪತ್ತು ಮೀಟರ್ ಜಾಗ ಬೇಕು. ಕಟ್ಟಿದರೆ ಅದು ಹುಳುಮನೆಯ ಹೆಂಚಿನ ಮೇಲೇ ಹಾದುಹೋಗಬೇಕು. ಜಾಗವಿಲ್ಲದವರಿಗೆ ಇರುವ ದಾರಿ ಲೂಪ್ ಆಂಟೆನಾ. ತಂತಿಯನ್ನು ಉದ್ದಕ್ಕೆ ಎಳೆಯುವ ಬದಲು ಒಂದು ಸುತ್ತು ಬಳೆಯ ಹಾಗೆ ಮಾಡಿ, ಬಳೆಯ ಎರಡು ತುದಿ ಕೂಡುವಲ್ಲಿ ಹಳೇ ರೇಡಿಯೋದಲ್ಲಿ ಸ್ಟೇಷನ್ ಹಿಡಿಯಲು ತಿರುಗಿಸುವ ಕಂಡೆನ್ಸರ್ ಸೇರಿಸುವುದು. ಹಾಸಿಗೆ ಇದ್ದಷ್ಟು ಕಾಲು ಚಾಚುವವರ ಆಂಟೆನಾ ಅದು. ಗುಣದಲ್ಲಿ ಮಾತ್ರ ಹೊಸ ಅಳಿಯ. ಕಂಡೆನ್ಸರನ್ನು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೆ ಮುನಿಸು, ಕೈ ಹತ್ತಿರ ತಂದರೆ ಮುನಿಸು. ಅದಕ್ಕೇ ದೂರದಿಂದ ತಿರುಗಿಸಲು ಒಂದಡಿ ಉದ್ದದ ಮರದ ಹಿಡಿ ಬೇಕು. ಚನ್ನಪಟ್ಟಣದಲ್ಲಿ ನಮ್ಮ ಬೀದಿಯ ಬೊಂಬೆ ಕೆಲಸದವರ ಹತ್ತಿರ ಕಡೆಸಿಕೊಂಡೆ. "ಯಾವ ಬಣ್ಣ ಕೊಡ್ಲಿ? ಮಗು ಗಂಡೋ ಹೆಣ್ಣೋ?" ಎಂದು ಕೇಳಿ, ನಾನು ಉತ್ತರ ಹುಡುಕುವುದರೊಳಗೆ ಕೆಂಪು, ಹಳದಿ ಅರಗು ಹಾಕಿಯೇ ಬಿಟ್ಟರು.

ಉಳಿದಿದ್ದು ಲೂಪನ್ನು ಬಚ್ಚಿಡುವ ಪ್ರಶ್ನೆ. ಆ ಊರಿನಲ್ಲಿ ಯಾರ ಕಣ್ಣಿಗೂ ಬೀಳದ ವಸ್ತು ಯಾವುದು? ಚಂದ್ರಿಕೆ. ಊರವರ ಬಾಯಲ್ಲಿ ಚಂದ್ರಂಕಿ. ಆಳೆತ್ತರದ ಬಿದಿರಿನ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅವನ್ನು ಅದರ ಮೇಲೆ ಬಿಡುತ್ತಾರೆ. ಉಳಿದ ದಿನವೆಲ್ಲ ಅವು ಗೋಡೆಗೆ ಒರಗಿಕೊಂಡು ನಿಂತಿರುತ್ತವೆ. ಕಿಟಕಿಗೆ ಬಿಸಿಲು ಹೊಡೆಯುತ್ತದೆ, ಮರೆ ಮಾಡಲು ಹಳೆಯದೊಂದು ಕೊಡಿ ಎಂದು ಅಕ್ಕನನ್ನು ಕೇಳಿದೆ. ಅಟ್ಟದಿಂದ ಇಳಿಸಿ ಕೊಟ್ಟರು. ಅದರ ನಾಲ್ಕೂ ಅಂಚಿಗೆ ಹಳೇ ಕೇಬಲ್ಲಿನಿಂದ ಬಿಡಿಸಿದ ತಾಮ್ರದ ಜಾಲರಿ ಪಟ್ಟಿ ಸುತ್ತಿ, ಮೇಲೆ ಕಂದು ಟೇಪು ಹೊಡೆದೆ. ಕಂಡೆನ್ಸರನ್ನು ಉಪ್ಪಿನಕಾಯಿ ಡಬ್ಬಿಯಲ್ಲಿಟ್ಟು ಮೂಲೆಗೆ ಕಟ್ಟಿದೆ. ಹೊರಗಿನಿಂದ ಕಿಟಕಿಗೆ ಒರಗಿಸಿ, ಸೆಟ್ಟಿನ ಕೇಬಲ್ಲನ್ನು ಕಿಟಕಿಯೊಳಗಿಂದ ತಂದು ಸೇರಿಸಿ, ದೂರ ನಿಂತು ನೋಡಿದರೆ ತೇಪೆ ಹಾಕಿದ ಬಡ ಚಂದ್ರಿಕೆಯೇ.

ಅವತ್ತು ಸಂಜೆ ಭೋಪಾಲಿನವರು ನನ್ನನ್ನು ಹಿಡಿದರು. ಕ್ಷೀಣವಾಗಿದ್ದೀರಿ, ಆದರೆ ಇದ್ದೀರಿ ಎಂದು ಕಳಿಸಿದರು. ನನಗೆ ಕಣ್ಣು ತುಂಬಿ ಬಂತು.

ಮರುದಿನ ಅಕ್ಕ ಡಬ್ಬಿಯನ್ನು ದಿಟ್ಟಿಸಿ ನೋಡಿ, "ಇದೇನು ಕಟ್ಟಿದ್ದೀರಿ?" ಎಂದರು.

"ಇರುವೆ ಮದ್ದು ಅಕ್ಕ" ಎಂದುಬಿಟ್ಟೆ. "ಇರುವೆ ಹತ್ತಿರ ಬರಲ್ಲ."

ಹುಳು ಸಾಕುವವರಿಗೆ ಇರುವೆಗಿಂತ ದೊಡ್ಡ ಶತ್ರುವಿಲ್ಲ. ಅಕ್ಕನ ಕಣ್ಣಿನಲ್ಲಿ ನನ್ನ ಮೇಲೆ ಹೊಸದೊಂದು ಗೌರವ ಮೂಡಿತು. ಅದನ್ನು ಕಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಎರಡು ವಾರ ಕಳ್ಳ ಸಂಸಾರ ನಡೆಯಿತು. ಒಂದು ಸಂಜೆ ಕೀ ಒತ್ತುತ್ತಿರುವಾಗಲೇ ಬಾಗಿಲು ದಬದಬ ಬಡಿಯಿತು. ಸೆಟ್ಟಿನ ಮೇಲೆ ನೈಟಿ ಎಸೆದು ಬಾಗಿಲು ತೆಗೆದೆ. ಅಕ್ಕ ಪೊರಕೆ ಹಿಡಿದು ನಿಂತಿದ್ದರು.

"ನಿಮ್ ರೂಮಲ್ಲಿ ಹಲ್ಲಿ ಐತೆ. ದಿನಾ ಇದೇ ಟೇಮಿಗೆ ಲೊಚಗುಟ್ತದೆ. ಗೋಡೆ ದಾಟಿ ಬಂದ್ರೆ ನಮ್ ಹುಳ ತಿಂದಾಕ್ತದೆ."

ಇಬ್ಬರೂ ಸೇರಿ ಮಂಚದ ಕೆಳಗೆಲ್ಲ ಹಲ್ಲಿ ಹುಡುಕಿದೆವು. ಇಲ್ಲದ ಹಲ್ಲಿಯನ್ನು ನಾನು ಅವರಿಗಿಂತ ಶ್ರದ್ಧೆಯಿಂದ ಹುಡುಕಿದೆ. ಭೋಪಾಲಿನವರು ನೈಟಿಯ ಕೆಳಗೆ ಹೆಡ್‌ಫೋನಿನಲ್ಲಿ ನನ್ನನ್ನು ಕರೆಯುತ್ತಲೇ ಇದ್ದರು. ಅಂದಿನಿಂದ ಕೀಯ ಕೆಳಗೆ ಮಡಿಸಿದ ಕಾಲುಚೀಲ ಇಟ್ಟುಕೊಂಡೆ.

ನಾಲ್ಕನೇ ಜ್ವರ, ಅಂದರೆ ಹುಳುಗಳು ಕೊನೆಯ ಸಲ ಪೊರೆ ಕಳಚುವುದು, ಸುಖವಾಗಿ ಮುಗಿಯಿತು. ಗೋಡೆಯಾಚೆ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿತ್ತು. ಅಕ್ಕ ಬಾಯಿ ಬಿಟ್ಟು ಚೆನ್ನಾಗಿದೆ ಎನ್ನುತ್ತಿರಲಿಲ್ಲ, ದೃಷ್ಟಿಯಾಗುತ್ತದೆಂದು. "ಏನೋ ಐತೆ" ಎನ್ನುತ್ತಿದ್ದರು. ಯಜಮಾನರು ಟ್ರ್ಯಾಕ್ಟರಿಗೆ ಟಾರ್ಪಾಲು ಹೊದಿಸಿ ಕಾಯುತ್ತಿದ್ದರು.

ಒಂದು ದಿನ ಸ್ಕೂಲು ಬಿಟ್ಟು ಬಂದು ನೋಡುತ್ತೇನೆ, ಕಿಟಕಿಯ ಮುಂದೆ ಚಂದ್ರಿಕೆಯೇ ಇಲ್ಲ. ಕೇಬಲ್ಲಿನ ಕತ್ತರಿಸಿದ ತುದಿ ಕಿಟಕಿಯಿಂದ ಜೋತಾಡುತ್ತಿದೆ.

ಆ ಸೀಮೆಯ ಒಂದು ಪದ್ಧತಿ ನನಗೆ ಗೊತ್ತಿರಲಿಲ್ಲ. ಹುಳುಗಳು ಹಣ್ಣಾಗುವುದು ಒಟ್ಟಿಗೇ. ಆಗ ಒಂದು ಗಳಿಗೆಯೂ ತಡೆಯುವಂತಿಲ್ಲ. ಎಷ್ಟು ಚಂದ್ರಿಕೆ ಇದ್ದರೂ ಸಾಲದು. ಹಾಗಾಗಿ ಹುಳು ಹಣ್ಣಾದ ದಿನ ಊರಿನಲ್ಲಿ ಯಾರ ಚಂದ್ರಿಕೆಯೂ ಯಾರದೂ ಅಲ್ಲ. ಎಲ್ಲಿ ಒರಗಿಕೊಂಡಿದ್ದರೂ ಹೊತ್ತುಕೊಂಡು ಹೋಗಬಹುದು, ಕೇಳಬೇಕಾಗಿಲ್ಲ. ಆಮೇಲೆ ಹೇಳಿದರೆ ಸಾಕು.

ಅಕ್ಕ ಆಮೇಲೆ ಹೇಳಿದರು. ಮುಖ ಊರಗಲ ಅರಳಿತ್ತು. "ನಿಮ್ ಚಂದ್ರಂಕಿ ತಕ್ಕೊಂಬುಟ್ಟೆ ಮೇಡಮ್ಮೋರೆ. ಬಟ್ಟೆ ಹಾಕೋ ದಾರದ್ ಗಂಟು ಬಿಚ್ಚಕ್ ಆಗ್ನಿಲ್ಲ, ಕುಯ್ದೆ. ಒಳ್ಳೊಳ್ಳೆ ಹುಳಾನೆಲ್ಲಾ ಆರ್ಸಿ ಆರ್ಸಿ ಅದ್ರ ಮ್ಯಾಲೇ ಬುಟ್ಟಿವ್ನಿ. ಇರುವೆ ಮದ್ದು ಐತಲ್ಲ!"

ಹುಳುಮನೆಯ ಪಕ್ಕದ ಚಪ್ಪರದಲ್ಲಿ ಸಾಲಾಗಿ ನಿಂತ ಚಂದ್ರಿಕೆಗಳ ಕೊನೆಯಲ್ಲಿ ನನ್ನ ಆಂಟೆನಾ ನಿಂತಿತ್ತು. ಕೆಂಪು ಹಳದಿ ಹಿಡಿ ಮೇಲಕ್ಕೆ ಚಾಚಿಕೊಂಡಿತ್ತು. ಮೈತುಂಬ ಹೊನ್ನಿನ ಬಣ್ಣಕ್ಕೆ ತಿರುಗಿದ ಹುಳುಗಳು ತಲೆಯೆತ್ತಿ ಅತ್ತ ಇತ್ತ ಆಡಿಸುತ್ತಾ ನೂಲು ಬಿಡಲು ಶುರುಮಾಡಿದ್ದವು. ಇನ್ನು ಐದು ದಿನ ಅದನ್ನು ಅಲುಗಿಸುವಂತಿಲ್ಲ. ಕೆಳಗೆ ನೋಡಿದೆ. ಉಳಿದ ಎಲ್ಲ ಚಂದ್ರಿಕೆಗಳ ಬುಡದಲ್ಲೂ ಇರುವೆಗೆ ಅಡ್ಡವಾಗಿ ಬೂದಿಯ ಗೆರೆ ಎಳೆದಿತ್ತು. ನನ್ನದರ ಬುಡ ಬೋಳು. ಮದ್ದು ಇದೆಯಲ್ಲ, ಬೂದಿ ಯಾಕೆ?

ಡಬ್ಬಿಯಲ್ಲಿದ್ದದ್ದು ಕಂಡೆನ್ಸರಿನ ತಗಡಿನ ಎಲೆಗಳು. ಅದನ್ನು ನಂಬಿ ಒಬ್ಬ ಹೆಂಗಸು ತನ್ನ ಕಡೆಯ ಬೆಳೆಯ ಅತ್ಯುತ್ತಮ ಹುಳುಗಳನ್ನು ಇರುವೆಯ ಬಾಯಿಗೆ ಇಟ್ಟಿದ್ದಳು.

ನಿಜ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅಕ್ಕನ ಮುಖ ನೋಡಿ ಮುಚ್ಚಿದೆ. ಬದಲಿಗೆ ಒಲೆಯಿಂದ ಬೂದಿ ತಂದೆ. ಬೆಳಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಒಂದು ಸುತ್ತು, ಬಂದ ಮೇಲೆ ಒಂದು ಸುತ್ತು, ಕುಕ್ಕರುಗಾಲಲ್ಲಿ ಕೂತು ನನ್ನ ಚಂದ್ರಿಕೆಗೆ ಬೂದಿ ಗೆರೆ ಎಳೆದೆ. ಅಕ್ಕ ನೋಡಿ, "ರಂಗೋಲಿ ಬುಡ್ತಿದ್ದೀರಾ?" ಎಂದು ನಕ್ಕರು. ಹೌದೆಂದೆ. ಊಟದ ಬಿಡುವಿನಲ್ಲಿ ಪಾಠದ ಟಿಪ್ಪಣಿ ಬಿಟ್ಟು ಓಡಿ ಬಂದು ಇರುವೆ ಸಾಲು ನೋಡಿ ಹೋಗುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂಬ ಗಾದೆ ಕಟ್ಟಿದವನು ಯಾವುದೋ ರೇಷ್ಮೆ ಊರಿನವನೇ ಇರಬೇಕು ಎನಿಸಿತು. ಮೂರನೆಯ ದಿನ ಒಂದೇ ಒಂದು ಕಟ್ಟಿರುವೆ ಬೂದಿಯ ತನಕ ಬಂದು, ನಿಂತು, ಯೋಚಿಸಿ, ತಿರುಗಿ ಹೋಯಿತು. ಅದಕ್ಕೆ ಕೈ ಮುಗಿದೆ. ತಮಾಷೆಗಲ್ಲ.

ಗೂಡು ಬಿಡಿಸುವ ದಿನ ಭಾನುವಾರ. ಚಪ್ಪರದ ಕೆಳಗೆ ಅಕ್ಕ, ಯಜಮಾನರು, ನಾನು ಕೂತು ಚಂದ್ರಿಕೆಗಳಿಂದ ಗೂಡು ಕೀಳುತ್ತಾ ಬುಟ್ಟಿಗೆ ಹಾಕುತ್ತಿದ್ದೆವು. ಅಕ್ಕ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಕಟಕಟ ಎನ್ನುವುದನ್ನು ಕೇಳಿ, ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಗೂಡು ಗಟ್ಟಿಯಿತ್ತು. ಬುಟ್ಟಿಗಳು ತುಂಬುತ್ತಿದ್ದವು. ಯಜಮಾನರು ಸೋಲುತ್ತಿರುವ ಪಂದ್ಯ ನೋಡುವವರ ಹಾಗೆ ಕೂತಿದ್ದರು.

ಕೊನೆಗೆ ನನ್ನ ಚಂದ್ರಿಕೆ. "ಇದನ್ನ ನಾನೊಬ್ಬಳೇ ಬಿಡಿಸ್ತೀನಿ ಅಕ್ಕ, ನೀವು ಸುಸ್ತಾಗಿದ್ದೀರಿ" ಎಂದೆ.

"ಒಳ್ಳೆ ಹುಳ ಬುಟ್ಟಿರೋದೇ ಅದ್ರಲ್ಲಿ, ನೀವೊಬ್ರೇ ಎಂಗ್ ಬುಡಿಸ್ತೀರಿ?" ಎಂದು ಅಕ್ಕ ಎಳೆದುಕೊಂಡರು. ಅಂಚಿಗೆ ಅಂಟಿದ್ದ ಒಂದು ಗೂಡು ಕಿತ್ತಾಗ ಅದರ ಜೊತೆ ಗೇಣುದ್ದ ಟೇಪೂ ಕಿತ್ತು ಬಂತು. ಕೆಳಗೆ ತಾಮ್ರ ಮಿಂಚಿತು.

ಅಕ್ಕ ತಾಮ್ರದ ಮೇಲೆ ಬೆರಳಾಡಿಸಿದರು. ಪೂರ್ತಿ ಸುತ್ತು ಆಡಿಸುತ್ತಾ ಹೋಗಿ ಡಬ್ಬಿಯ ಹತ್ತಿರ ನಿಂತರು. ಮುಚ್ಚಳ ತಿರುಗಿಸಿ ಒಳಗೆ ನೋಡಿದರು. ಹಿಡಿ ತಿರುಗಿಸಿದರು, ಎಲೆಗಳು ಒಂದರೊಳಗೊಂದು ಸರಿದವು.

"ಇರುವೆ ಮದ್ದು ಎಲ್ಲೈತೆ?"

"ಇಲ್ಲ ಅಕ್ಕ."

"ಮತ್ತೆ ಇದು?"

ಹೇಳಿದೆ. ಎಲ್ಲ ಹೇಳಿದೆ. ರೇಡಿಯೋ, ಭೋಪಾಲು, ಹಲ್ಲಿ, ಬೂದಿ. ನಾನು ಮಾಡಿದ್ದು ದ್ರೋಹ, ನಾಳೆಯೇ ರೂಮು ಖಾಲಿ ಮಾಡುತ್ತೇನೆ ಎಂದೂ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಯಜಮಾನರು ಇಬ್ಬರ ಮುಖವನ್ನೂ ನೋಡಿ, ಬೀಡಿ ಹುಡುಕುವ ನೆಪದಲ್ಲಿ ಎದ್ದುಹೋದರು.

ಅಕ್ಕ ಗೂಡು ಬಿಡಿಸುತ್ತಲೇ ಇದ್ದರು. ಆಮೇಲೆ ಕೇಳಿದರು.

"ಯಾವತ್ತಿಂದ ಒತ್ತುತ್ತಾ ಇದ್ದೀರಿ?"

"ಈ ಹುಳು ಬಂದ ವಾರದಿಂದ."

"ದಿನಾನೂ?"

"ದಿನಾ ಆರೂವರೆಗೆ."

"ಹೋದ್ ಬೆಳೇಲಿ?"

"ಇಲ್ಲ ಅಕ್ಕ. ದೇವರಾಣೆ ಮುಟ್ಟಲಿಲ್ಲ. ನಿಮಗೆ ಮಾತು ಕೊಟ್ಟಿದ್ದೆನಲ್ಲ."

ಅಕ್ಕ ಕೈಯಲ್ಲಿದ್ದ ಗೂಡನ್ನು ಬುಟ್ಟಿಗೆ ಹಾಕಿ ನನ್ನ ಕಡೆ ಪೂರ್ತಿ ತಿರುಗಿದರು. ಕಣ್ಣಿನಲ್ಲಿ ಬೆಂಕಿ. "ಅಂಗಾದ್ರೆ ನೀವ್ ಸುಮ್ಕೆ ಕೂತಾಗ ಬೆಳೆ ಹೋಯ್ತು. ಒತ್ತಿದಾಗ ಆಯ್ತು. ಹೋದ್ ಬೆಳೇಲೂ ಒತ್ತಕ್ಕೇನಾಗಿತ್ತು ನಿಮ್ಗೆ?"

ಹಾಗಲ್ಲ ಅಕ್ಕ, ಒಂದು ಸಲ ಆದದ್ದಕ್ಕೆ ಕಾರಣ ಅದೇ ಎನ್ನಲಾಗದು, ಹತ್ತು ಸಲ ನೋಡಬೇಕು, ಈ ಸಲ ನೀವು ಹುಳುಮನೆಗೆ ರೋಗದ ಔಷಧಿ ಚೆನ್ನಾಗಿ ಹೊಡೆದಿದ್ದಿರಿ, ಹವೆ ಒಣಗಿತ್ತು ಎಂದೆಲ್ಲ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಸರಿ. ಹತ್ತು ಸಲ ನೋಡಾನ ಬುಡಿ" ಎಂದರು.

ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯಿತು. ಯಜಮಾನರು ಸಂಜೆ ಹಿಂತಿರುಗಿ, ಬುಟ್ಟಿಗೆ ಕೈ ಹಾಕಿದವರೆಲ್ಲ ಯಾವೂರಿನ ಗೂಡು ಎಂದು ಕೇಳಿದರೆಂದು ಒಪ್ಪಿಕೊಂಡರು. ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಟ್ರ್ಯಾಕ್ಟರಿನ ಬಗೆಗಿನ ದುಃಖವೂ ಇತ್ತು. ಬಾಗಿಲು ಅಳೆದ ಹಗ್ಗವನ್ನು ತಾವೇ ಸುತ್ತಿ ಅಟ್ಟಕ್ಕೆ ಎಸೆದರು.

ಅಂದಿನಿಂದ ನನ್ನ ಸ್ವಾತಂತ್ರ್ಯ ಮುಗಿಯಿತು. ಚೆನ್ನಾಗಿ ಆದ ಬೆಳೆಯಲ್ಲಿ ಏನೇನಿತ್ತೋ ಅದೆಲ್ಲ ಮುಂದಿನ ಬೆಳೆಯಲ್ಲೂ ಇದ್ದಲ್ಲೇ ಇರಬೇಕೆಂಬುದು ಹುಳುಮನೆಯ ಕಾನೂನು. ಚಂದ್ರಿಕೆ ಅದೇ ಕಿಟಕಿಗೆ, ಅದೇ ಓರೆಯಲ್ಲಿ ಒರಗಿತು. ಕಾಲುಚೀಲ ತೆಗೆಸಿದರು, ಹುಳಕ್ಕೆ ಸದ್ದು ಕೇಳಬೇಕಂತೆ. ಶೀತವಾಗಿ ಮಲಗಿದ್ದರೆ ಕಷಾಯ ಕೊಟ್ಟು, ಕುಡಿದು ಮುಗಿಸುವ ತನಕ ಕಾದು, "ಈಗ ಒತ್ತಿ" ಎನ್ನುತ್ತಿದ್ದರು. ಹುಳು ಇರುವ ವಾರಗಳಲ್ಲಿ ಚನ್ನಪಟ್ಟಣಕ್ಕೆ ಹೋಗುವುದೂ ನಿಂತಿತು. ಮನೆಯವರು ಫೋನ್ ಮಾಡಿ ಯಾಕೆ ಬರಲಿಲ್ಲ ಎಂದರೆ, ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಿದ್ದೆ. ಅವರು ನನಗೇ ಜ್ವರ ತಲೆಗೇರಿದೆ ಅಂದುಕೊಂಡರು.

ಒಂದು ದಿನ ಕನಕಪುರದಲ್ಲಿ ಟೀಚರುಗಳ ತರಬೇತಿ. ಮುಗಿದದ್ದು ತಡ, ಬಸ್ಸು ಬಂದದ್ದು ಇನ್ನೂ ತಡ. ಬಸ್ಸಿನಲ್ಲಿ ನಿಂತುಕೊಂಡೇ ಗಡಿಯಾರ ನೋಡುತ್ತಿದ್ದೆ. ಪಕ್ಕದ ಸಹೋದ್ಯೋಗಿ, "ಅಷ್ಟೇನು ಅವಸರ ಮೇಡಂ?" ಎಂದರು. ಏನು ಹೇಳಲಿ? ಐದು ವ್ಯಾಟಿನಿಂದ ಹುಳುವಿಗೆ ಒಳಿತೂ ಇಲ್ಲ, ಕೆಡುಕೂ ಇಲ್ಲ ಎಂಬುದು ನನಗೆ ಖಂಡಿತ ಗೊತ್ತು. ಆದರೆ ನಾನು ತಪ್ಪಿಸಿದ ಒಂದು ಸಂಜೆಯ ಮರುದಿನ ಹುಳುಗಳೇನಾದರೂ ಬೆಳ್ಳಗೆ ಬಿದ್ದಿದ್ದರೆ, ಆ ಮಾತನ್ನು ಅಕ್ಕನಿಗೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಬಸ್ಸಿಳಿದು ಓಡಿದೆ. ಅಕ್ಕ ಚಂದ್ರಿಕೆಯ ಪಕ್ಕ ಕೂತಿದ್ದರು, ಬಯ್ಯಲಿಲ್ಲ. ಬಾಗಿಲು ತೆರೆದು, ಬ್ಯಾಗು ಹಾಸಿಗೆಗೆ ಎಸೆದು ಕೂತು ಕರೆದೆ. ಭೋಪಾಲಿನವರು ಇನ್ನೂ ಕಾಯುತ್ತಿದ್ದರು.

"ಏನಂತೆ?" ಎಂದು ಅಕ್ಕ ಬಾಗಿಲಿನಿಂದ ಕೇಳಿದರು.

"ಇವತ್ತು ಒಸಿ ಕಮ್ಮಿ ಕೇಳ್ತಂತೆ ಅಕ್ಕ."

ಅವರ ಮುಖ ಬಾಡಿತು. "ತಪ್ಪು ನಂದೇ. ಬೆಳಗ್ಗೆ ಹಾಕಿದ್ ಸೊಪ್ಪು ಬಲ್ತೋಗಿತ್ತು. ನಾಳೆ ಎಳೇದು ಕುಯ್ದು ಹಾಕ್ತೀನಿ. ಸರಿಯಾಗ್ ಕೇಳ್ತದೆ, ಬೇಜಾರ್ ಮಾಡ್ಕೋಬ್ಯಾಡಿ ಅಂತ ಅವ್ರಿಗೆ ಹೇಳಿ."

ತಿದ್ದಬೇಕಾದವಳು ನಾನು. ತಿರುಗಿ ಕೀ ಮೇಲೆ ಬೆರಳಿಟ್ಟೆ. ನಾಳೆ ಚೆನ್ನಾಗಿ ಕೇಳುತ್ತದೆ ಎಂದು ಭೋಪಾಲಿಗೆ ಕಳಿಸಿದೆ. ಅದು ಹೇಗೆ ಗೊತ್ತು ಎಂದು ಅವರು ಕೇಳಿದರು.

ಎಳೆಯ ಸೊಪ್ಪು ಹಾಕುತ್ತಾರಂತೆ ಎಂದು ಒತ್ತಿದೆ.